ಎಂಜಿನಿಯರಿಂಗ್ ಓದಿಗೆ ಯಾವ ಲ್ಯಾಪ್‌ಟಾಪ್, ಯಾವ ಆಪರೇಟಿಂಗ್ ಸಿಸ್ಟಂ?

ಪ್ರಶ್ನೆ: ನಾನು ಈ ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಸೇರಿದ್ದೇನೆ. ಕೋರ್ಸ್ ಮುಗಿಯುವವರೆಗೂ ಬಾಳಿಕೆ ಬರುವ ಲ್ಯಾಪ್‌ಟಾಪ್ ಕೊಳ್ಳಬೇಕಾಗಿದೆ. ಮ್ಯಾಕ್‌ಬುಕ್ ಹಗುರ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ ಎಂದು ಅಕ್ಕ ಹೇಳುತ್ತಾಳೆ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಗೆಳೆಯ ಲಿನಕ್ಸ್ ಒಂದಿದ್ದರೆ ಸಾಕು ಎನ್ನುತ್ತಾನೆ. ಮಾರಾಟಗಾರರು ಗೇಮಿಂಗ್ ಲ್ಯಾಪ್‌ಟಾಪ್‌ನತ್ತ ಬೊಟ್ಟು ಮಾಡುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತಿನಲ್ಲೂ ಹುರುಳಿದೆ, ಆದರೆ ಯಂತ್ರ ಆರಿಸುವ ಮೊದಲು ನೀವು ಅದರಲ್ಲಿ ಯಾವ ಸಾಫ್ಟ್‌ವೇರ್ ನಡೆಸಬೇಕಾಗುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ನಿಮ್ಮ ವಿಭಾಗದ ಎಲ್ಲ ವರ್ಷಗಳ ಪಠ್ಯಕ್ರಮವನ್ನೂ ಪ್ರಯೋಗಾಲಯದ ಕೈಪಿಡಿಗಳನ್ನೂ ಹಿರಿಯ ವಿದ್ಯಾರ್ಥಿಗಳಿಂದ ಪಡೆದು, ಅವುಗಳಲ್ಲಿ ಬರುವ ಸಾಫ್ಟ್‌ವೇರ್‌ಗಳ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದೂ ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ನಡೆಯುತ್ತದೆ ಎಂಬುದನ್ನು ಅದರ ತಯಾರಕರ ಜಾಲತಾಣದಲ್ಲೇ ನೋಡಿ ಪಕ್ಕದಲ್ಲಿ ಗುರುತು ಹಾಕಿ. ಹಾಳೆ ತುಂಬುವ ಹೊತ್ತಿಗೆ ಅರ್ಧ ತೀರ್ಮಾನ ತಾನಾಗಿಯೇ ಆಗಿಹೋಗಿರುತ್ತದೆ.

ಮೆಕ್ಯಾನಿಕಲ್ ವಿದ್ಯಾರ್ಥಿಯ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳನ್ನೇ ನೋಡೋಣ. ಸಾಲಿಡ್‌ವರ್ಕ್ಸ್ ನೇರವಾಗಿ ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ. ಆನ್ಸಿಸ್ ವಿಂಡೋಸ್ ಮತ್ತು ಲಿನಕ್ಸ್‌ಗೆ ಸಿಗುತ್ತದೆ, ಮ್ಯಾಕ್‌ಗೆ ಇಲ್ಲ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆಯಾದರೂ ವಿಂಡೋಸ್ ಆವೃತ್ತಿಯ ಎಲ್ಲ ಸೌಲಭ್ಯಗಳೂ ಅದರಲ್ಲಿಲ್ಲ. ಮ್ಯಾಟ್‌ಲ್ಯಾಬ್, ಪೈಥಾನ್, ಫ್ರೀಕ್ಯಾಡ್ ಮೂರರಲ್ಲೂ ನಡೆಯುತ್ತವೆ. ಬೇರೆ ವಿಭಾಗದ ಓದುಗರಿಗೂ ಒಂದು ಮಾತು: ಸಿವಿಲ್‌ನವರು ಬಳಸುವ ರೆವಿಟ್ ಮತ್ತು ಇಟ್ಯಾಬ್ಸ್‌ಗೆ ವಿಂಡೋಸೇ ಬೇಕು, ಎಲೆಕ್ಟ್ರಾನಿಕ್ಸ್‌ನವರ ವಿವಾಡೊ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ನಡೆಯುತ್ತದೆ. ಮೂರರಲ್ಲಿ ಯಾವುದನ್ನಾದರೂ ನಿಶ್ಚಿಂತೆಯಿಂದ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದು ಹೆಚ್ಚಾಗಿ ಕಂಪ್ಯೂಟರ್ ಸೈನ್ಸ್‌ನವರಿಗೆ. ಗೆಳೆಯನ ಸಲಹೆ ಅವನಿಗೆ ಸರಿ, ನಿಮಗೆ ಸಾಲದು.

ಮ್ಯಾಕ್‌ನಲ್ಲೇ ವಿಂಡೋಸ್ ಹಾಕಿಕೊಳ್ಳಬಹುದಲ್ಲ ಎಂದು ಅಕ್ಕ ಕೇಳಬಹುದು. ಇಂಟೆಲ್ ಪ್ರೊಸೆಸರ್ ಇದ್ದ ಮ್ಯಾಕ್‌ಗಳಲ್ಲಿ ಆಪಲ್‌ನ ಬೂಟ್ ಕ್ಯಾಂಪ್ ಎಂಬ ಸೌಲಭ್ಯದ ಮೂಲಕ ಅದು ಸಾಧ್ಯವಿತ್ತು. 2020ರ ಕೊನೆಯಲ್ಲಿ ಬಂದ ಎಂ1 ಚಿಪ್‌ನಿಂದ ಈಚಿನ ಮ್ಯಾಕ್‌ಗಳಲ್ಲಿ ಇರುವುದು ಆರ್ಮ್ ಎಂಬ ಬೇರೆ ವಿನ್ಯಾಸದ ಚಿಪ್, ಅವುಗಳಲ್ಲಿ ಆ ದಾರಿ ಇಲ್ಲ. ಒಂದು ಆಪರೇಟಿಂಗ್ ಸಿಸ್ಟಂನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್ ಮಷಿನ್‌ನಲ್ಲಿ ಆರ್ಮ್ ಚಿಪ್‌ಗಾಗಿ ಸಿದ್ಧಪಡಿಸಿದ ವಿಂಡೋಸ್ ನಡೆಸಿ, ಅದರೊಳಗೆ ಇಂಟೆಲ್ ಚಿಪ್‌ಗಾಗಿ ಬರೆದ ತಂತ್ರಾಂಶವನ್ನು ಅನುವಾದ ಪದರದ ಮೂಲಕ ಓಡಿಸಬೇಕಾಗುತ್ತದೆ. ಸಣ್ಣ ಪ್ರೋಗ್ರಾಂಗಳಿಗೆ ಇದು ನಡೆದೀತು. ಹಲವು ಭಾಗಗಳನ್ನು ಜೋಡಿಸಿದ ದೊಡ್ಡ ಮಾದರಿಯೊಂದನ್ನು (ಅಸೆಂಬ್ಲಿ) ತೆರೆದು ತಿರುಗಿಸುವಾಗ, ಅದರಲ್ಲೂ ಪರೀಕ್ಷೆಯ ಹಿಂದಿನ ದಿನ, ಇದನ್ನು ನಂಬಿಕೊಂಡು ಕೂರುವಂತೆ ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ. ಆರ್ಮ್ ವಿನ್ಯಾಸದ್ದೇ ಆದ ಸ್ನಾಪ್‌ಡ್ರಾಗನ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬಗ್ಗೆಯೂ ಇದೇ ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಹಾರ್ಡ್‌ವೇರ್ ಡ್ರೈವರ್‌ಗಳು ಆರ್ಮ್‌ಗೆಂದೇ ಸಿದ್ಧವಾಗಿರಬೇಕು, ಹಳೆಯ ಡ್ರೈವರ್‌ಗಳಿಗೆ ಅನುವಾದ ಪದರ ನೆರವಾಗುವುದಿಲ್ಲ. ಹಾಗಾಗಿ ಪ್ರಯೋಗಾಲಯದ ಹಳೆಯ ಉಪಕರಣಗಳನ್ನು ಜೋಡಿಸುವಾಗ ಅವು ಕೈಕೊಡುವ ಸಂಭವವಿದೆ.

ಆದ್ದರಿಂದ ನಿಮಗೆ ನನ್ನ ಸಲಹೆ, ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ವಿಂಡೋಸ್ 11 ಲ್ಯಾಪ್‌ಟಾಪ್. ಬಳಸಿದ ಯಂತ್ರವನ್ನು ಕೊಳ್ಳುವುದಾದರೆ ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ಮೊದಲೇ ಪರೀಕ್ಷಿಸಿ, ಏಕೆಂದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಯಂತ್ರದೊಳಗಿನ ಭಾಗಗಳಲ್ಲಿ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ರ‍್ಯಾಮ್ ವಿಚಾರದಲ್ಲಿ. ಒಂದು ಬ್ರಾಕೆಟ್‌ನಲ್ಲಿ ಉಂಟಾಗುವ ಒತ್ತಡವನ್ನು ಫೈನೈಟ್ ಎಲಿಮೆಂಟ್ ವಿಧಾನದಲ್ಲಿ, ಅಂದರೆ ಭಾಗವನ್ನು ಎಲಿಮೆಂಟ್ ಎಂಬ ಸಣ್ಣ ತುಣುಕುಗಳ ಜಾಲವಾಗಿ (ಮೆಶ್) ವಿಂಗಡಿಸಿ, ಲೆಕ್ಕ ಹಾಕುತ್ತಿದ್ದೀರಿ ಎಂದುಕೊಳ್ಳಿ. ಫಲಿತಾಂಶ ಇನ್ನಷ್ಟು ನಿಖರವಾಗಲೆಂದು ಮೆಶ್‌ನ ಅಳತೆಯನ್ನು ಇಡೀ ಭಾಗಕ್ಕೆ ಅರ್ಧಕ್ಕಿಳಿಸಿದರೆ, ಉದ್ದ, ಅಗಲ, ಎತ್ತರ ಮೂರೂ ದಿಕ್ಕುಗಳಲ್ಲಿ ಎಲಿಮೆಂಟ್‌ಗಳು ಇಮ್ಮಡಿಯಾಗಿ ಒಟ್ಟು ಸಂಖ್ಯೆ 8 ಪಟ್ಟಾಗುತ್ತದೆ. ಸಮೀಕರಣಗಳನ್ನು ನೇರವಾಗಿ ಬಿಡಿಸುವ ಡೈರೆಕ್ಟ್ ಸಾಲ್ವರ್ ಬಳಸುತ್ತಿದ್ದರೆ ಬೇಕಾಗುವ ಮೆಮೊರಿ ಅದಕ್ಕಿಂತಲೂ ಬೇಗ ಏರುತ್ತದೆ. ರ‍್ಯಾಮ್ ಸಾಲದಾದಾಗ ಲೆಕ್ಕದ ಮಧ್ಯದ ಅಂಕಿಗಳನ್ನು ಡಿಸ್ಕ್‌ಗೆ ಬರೆದು, ಮತ್ತೆ ಓದಿ ಮುಂದುವರಿಯಬೇಕಾಗುವುದರಿಂದ ನಿಮಿಷಗಳ ಕೆಲಸ ಗಂಟೆಗಟ್ಟಲೆ ಎಳೆಯುತ್ತದೆ. 16 ಜಿಬಿಯಿಂದ ಆರಂಭಿಸಿ, ಮುಂದೆ 32 ಜಿಬಿಗೆ ಏರಿಸಿಕೊಳ್ಳಲು ಅವಕಾಶವಿರುವ ಮಾದರಿಯನ್ನೇ ಆರಿಸಿ.

ಈ ಅವಕಾಶ ಇದೆಯೋ ಇಲ್ಲವೋ ಎಂಬುದು ಜಾಹೀರಾತಿನಲ್ಲಿ ಕಾಣಿಸುವುದು ಅಪರೂಪ. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಒತ್ತಿ ನೋಡಿ. ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಬಳಕೆಯಾಗಿವೆ ಎಂಬುದು ಅಲ್ಲಿರುತ್ತದೆ. ಫಾರ್ಮ್ ಫ್ಯಾಕ್ಟರ್ ಎಂಬುದರ ಮುಂದೆ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಆ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿದೆ ಎಂದರ್ಥ. ಇಂತಹ ಯಂತ್ರವನ್ನು ಕೊಳ್ಳುವುದಿದ್ದರೆ ಆರಂಭದಲ್ಲೇ 32 ಜಿಬಿ ಇರುವುದನ್ನು ಕೊಳ್ಳಿ.

ಗ್ರಾಫಿಕ್ಸ್ ವಿಷಯದಲ್ಲಿ ಮಾರಾಟಗಾರರ ಮಾತು ಪೂರ್ತಿ ತಪ್ಪಲ್ಲ. ಮೂರು ಆಯಾಮದ ಮಾದರಿಗಳನ್ನು ಸರಾಗವಾಗಿ ತಿರುಗಿಸಲು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ನೆರವಾಗುತ್ತದೆ, ಮಧ್ಯಮ ದರ್ಜೆಯದು ಸಾಕು. ಮಷಿನ್ ಲರ್ನಿಂಗ್ ಕಲಿಯುವ ಮನಸ್ಸಿದ್ದರೆ ಎನ್ವಿಡಿಯಾ ಚಿಪ್ ಇರಲಿ, ಆ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕುಡಾ ಎಂಬ ತಂತ್ರಾಂಶ ವ್ಯವಸ್ಥೆ ಆ ಸಂಸ್ಥೆಯ ಚಿಪ್‌ಗಳಿಗೆಂದೇ ಇರುವಂಥದ್ದು. ಆದರೆ ಶಕ್ತಿಶಾಲಿ ಗೇಮಿಂಗ್ ಲ್ಯಾಪ್‌ಟಾಪ್‌ನ ತೂಕವನ್ನೂ ಅದರ ಭಾರಿ ಚಾರ್ಜರನ್ನೂ ದಿನವೂ ಹೊರಬೇಕಾದವರು ನೀವು, ಬ್ಯಾಟರಿ ಬೇಗ ಮುಗಿಯುವ ಕಿರಿಕಿರಿಯೂ ನಿಮ್ಮದೇ. ಕೊಳ್ಳುವ ಮುನ್ನ ಒಮ್ಮೆ ಕೈಯಲ್ಲಿ ಎತ್ತಿ ನೋಡಿ. ಎಸ್‌ಎಸ್‌ಡಿ 512 ಜಿಬಿಗಿಂತ ಕಡಿಮೆ ಬೇಡ.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್ ಇದೆ, ಆದರೆ ಲಿನಕ್ಸ್ ಕಲಿಯಬೇಕೆಂಬ ಆಸೆ. ಎರಡನ್ನೂ ಒಂದೇ ಡಿಸ್ಕ್‌ನಲ್ಲಿ ಹಾಕಿಕೊಂಡರೆ ತೊಂದರೆಯೇ?

ಉತ್ತರ: ಕಲಿಯಲೇಬೇಕು, ಎಂಜಿನಿಯರಿಂಗ್‌ನ ಯಾವ ವಿಭಾಗದಲ್ಲಿದ್ದರೂ ಈ ಆಸೆಯನ್ನು ಕೈಬಿಡಬೇಡಿ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. ದ್ರವಗಳ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಲಿನಕ್ಸ್‌ನಲ್ಲೇ ಬೆಳೆದದ್ದು, ರೋಬೊಗಳಿಗಾಗಿ ಇರುವ ರಾಸ್ ಮುಖ್ಯವಾಗಿ ಉಬುಂಟುವನ್ನು ಆಧರಿಸಿದೆ.

ಆದರೆ ಕಲಿಕೆಯ ಆರಂಭದಲ್ಲೇ ಡಿಸ್ಕ್ ವಿಭಜಿಸುವ ಅಗತ್ಯವಿಲ್ಲ. ವಿಂಡೋಸ್‌ನ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಎಂಬ ವ್ಯವಸ್ಥೆಯನ್ನು ಒಂದೇ ಆದೇಶದಿಂದ ಸ್ಥಾಪಿಸಿಕೊಳ್ಳಬಹುದು. ಟರ್ಮಿನಲ್, ಕಂಪೈಲರ್, ಪೈಥಾನ್, ಗಿಟ್ ಎಲ್ಲವನ್ನೂ ಕಲಿಯಲು ಅದು ಸಾಕು. ಯುಎಸ್‌ಬಿಗೆ ಜೋಡಿಸಿದ ಸೆನ್ಸರ್ ಹಾಗೂ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳನ್ನು ಲಿನಕ್ಸ್‌ನಿಂದ ನಡೆಸುವ ಕೆಲಸ ಬಂದಾಗ ಮಾತ್ರ ಅಲ್ಲಿ ಹೆಚ್ಚಿನ ಸಿದ್ಧತೆ ಬೇಕಾಗುತ್ತದೆ. ಅಂತಹ ಕೆಲಸ ದಿನನಿತ್ಯದ್ದಾದರೆ ಲಿನಕ್ಸನ್ನು ಪ್ರತ್ಯೇಕವಾಗಿ ಹಾಕಿಕೊಳ್ಳುವುದು ಒಳ್ಳೆಯದು.

ಆಗ ಮೊದಲು ಮಾಡಬೇಕಾದದ್ದು ಕಡತಗಳ ಬ್ಯಾಕಪ್. ಎರಡನೆಯದು ಅನೇಕರಿಗೆ ಹೊಳೆಯುವುದೇ ಇಲ್ಲ: ಇತ್ತೀಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಮೊದಲೇ ಎನ್‌ಕ್ರಿಪ್ಟ್ ಆಗಿರುತ್ತದೆ, ಯಂತ್ರ ಆರಂಭವಾಗುವಾಗ ಆಪರೇಟಿಂಗ್ ಸಿಸ್ಟಂ ನಂಬಲರ್ಹವೇ ಎಂದು ಪರೀಕ್ಷಿಸುವ ಸೆಕ್ಯೂರ್ ಬೂಟ್‌ನ ಆಯ್ಕೆಯನ್ನು ಬದಲಿಸಿದೊಡನೆ ವಿಂಡೋಸ್ ಆ ಎನ್‌ಕ್ರಿಪ್ಷನ್ ಬಿಡಿಸುವ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುವ ಸಂಭವವಿದೆ. ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಬಳಿಕ ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯವನ್ನು ಆಫ್ ಮಾಡಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಜಾಗ ಬಿಡಿಸಿಕೊಂಡು, ಉಬುಂಟುವನ್ನು ಆ ಖಾಲಿ ಜಾಗದಲ್ಲಿ ಸ್ಥಾಪಿಸಿ. ಎರಡನೆಯ ಎಸ್‌ಎಸ್‌ಡಿಗೆ ಸ್ಲಾಟ್ ಇರುವ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ, ಲಿನಕ್ಸ್‌ಗೆ ಆ ಡಿಸ್ಕನ್ನೇ ಮೀಸಲಿಡಿ. ವಿಂಡೋಸ್‌ನ ವಿಭಾಗಗಳನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ.