ಮೊದಲ ಸಲ ಮುಟ್ಟಿನ ಕಪ್: ಹಾಕುವ ಮುಂಚೆ ತೆಗೆಯುವುದನ್ನು ತಿಳಿದುಕೊಳ್ಳಿ

ಮುಟ್ಟಿನ ಕಪ್ ಅಂದರೆ ಮಡಚಿ ಯೋನಿಯೊಳಗೆ ಇಟ್ಟುಕೊಳ್ಳುವ, ಒಳಗೆ ಅರಳಿ ಮುಟ್ಟಿನ ರಕ್ತ ಹಿಡಿಯುವ, ತೊಳೆದು ಮತ್ತೆ ಬಳಸುವ ಸಿಲಿಕಾನ್ ಅಥವಾ ರಬ್ಬರಿನ ಪುಟ್ಟ ಬಟ್ಟಲು. ಕಪ್ ಹಾಕಿಕೊಂಡರೂ ಸೋರುತ್ತಿದೆ, ಒಳಗೇ ಸಿಕ್ಕಿಹಾಕಿಕೊಂಡರೆ ಏನು ಗತಿ, ಸೈಜ್ ತಪ್ಪಿತೋ ಏನೋ ಅಂತ ಕೇಳಿದ್ದೀರಿ. ನಡುವಿನ ಪ್ರಶ್ನೆಯಿಂದ ಶುರುಮಾಡುತ್ತೇನೆ. ಆ ಭಯ ಹೋಗುವವರೆಗೆ ಕೆಳಭಾಗದ ಸ್ನಾಯುಗಳು ಬಿಗಿದುಕೊಂಡೇ ಇರುತ್ತವೆ. ಹಾಗೆ ಬಿಗಿದುಕೊಂಡರೆ ಕಪ್ ಹಾಕುವುದೂ ಕಷ್ಟ, ಅದು ಅರಳುವುದೂ ಕಷ್ಟ, ತೆಗೆಯುವುದಂತೂ ಇನ್ನೂ ಕಷ್ಟ.

ಕಪ್ ಒಳಗೆ ಕಳೆದುಹೋಗುವುದಿಲ್ಲ, ಹೋಗಲು ದಾರಿಯೇ ಇಲ್ಲ. ಯೋನಿಯ ಮೇಲ್ತುದಿಯಲ್ಲಿ ಗರ್ಭಕೋಶದ ಬಾಯಿ ಇದೆ, ಅದರ ರಂಧ್ರ ತೀರಾ ಸಣ್ಣದು. ಹೆಚ್ಚೆಂದರೆ ಕಪ್ ಮೇಲಕ್ಕೆ ಸರಿದು, ಅದರ ಬಾಲ, ಅಂದರೆ ಬುಡದಲ್ಲಿರುವ ಸಣ್ಣ ಕಡ್ಡಿ, ಬೆರಳಿಗೆ ಸಿಗದೆ ಹೋಗಬಹುದು. ಆಗ ತಡಕಾಡುತ್ತಾ ಕೂರಬೇಡಿ. ಸ್ವಲ್ಪ ಹೊತ್ತು ಓಡಾಡಿ ಬಂದು, ಕುಕ್ಕರಗಾಲಲ್ಲಿ ಕುಳಿತು, ಮಲವಿಸರ್ಜನೆಗೆ ತಿಣುಕುವ ಹಾಗೆ ಮೆಲ್ಲಗೆ ಕೆಳಕ್ಕೆ ಒತ್ತಡ ಕೊಡಿ. ಸಾಮಾನ್ಯವಾಗಿ ಬುಡ ಬೆರಳಿಗೆ ಎಟುಕುವಷ್ಟು ಕೆಳಗಿಳಿಯುತ್ತದೆ.

ಬಾಲ ಹಿಡಿದು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಬಾಲ ಇರುವುದು ಬುಡ ಎಲ್ಲಿದೆ ಅಂತ ತಿಳಿಯಲಿಕ್ಕೆ ಮಾತ್ರ. ಕಪ್‌ನ ಅಂಚು ಯೋನಿಯ ಗೋಡೆಗೆ ಸುತ್ತಲೂ ಒತ್ತಿಕೊಂಡು ಸೀಲ್ ಆಗಿರುತ್ತದೆ. ಸೀಲ್ ಬಿಡಿಸದೆ ಎಳೆದರೆ ಒಳಗೆ ನಿರ್ವಾತ ಉಂಟಾಗಿ ಗರ್ಭಕೋಶದ ಬಾಯಿಯನ್ನೂ ಜಗ್ಗುತ್ತದೆ. ಹೀಗಾಗಿಯೇ ನೋವು. ಬಾಲದ ಗುಂಟ ಬೆರಳು ಮೇಲೆ ಸರಿಸಿ, ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಬುಡವನ್ನು ಗಟ್ಟಿಯಾಗಿ ಹಿಸುಕಿ, ಕೆಲವು ಸೆಕೆಂಡು ಹಾಗೇ ಹಿಡಿಯಿರಿ. ಗಾಳಿ ನುಗ್ಗುವ ಸಣ್ಣ ಸದ್ದು ಬಂದರೆ ಸೀಲ್ ಬಿಟ್ಟಿತು ಅಂತ ಅರ್ಥ. ಬಿಡದಿದ್ದರೆ ತೋರುಬೆರಳನ್ನು ಕಪ್‌ನ ಪಕ್ಕದಲ್ಲೇ ಅಂಚಿನ ತನಕ ಏರಿಸಿ, ಅಂಚನ್ನು ಒಳಮುಖವಾಗಿ ಒತ್ತಿ. ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸುತ್ತಾ ಇಳಿಸಿ. ಅಂಚೇ ಕಪ್‌ನ ಅತಿ ಅಗಲವಾದ ಭಾಗ. ಅದು ಹೊರಬರುವಾಗ ಸ್ವಲ್ಪ ಓರೆ ಮಾಡಿ ಒಂದು ಬದಿಯನ್ನು ಮೊದಲು ತಂದರೆ ಉರಿಯುವುದಿಲ್ಲ, ಅಷ್ಟಾಗಿ ಚೆಲ್ಲುವುದೂ ಇಲ್ಲ.

ಇನ್ನು ಸೈಜ್. ವಯಸ್ಸು, ಹೆರಿಗೆ ಆಗಿದೆಯೇ ಇಲ್ಲವೇ ಅಂತ ನೋಡಿ ಸೈಜ್ ಹೇಳುವ ಪಟ್ಟಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗರ್ಭಕೋಶದ ಬಾಯಿ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಮೊದಲು ನೋಡಬೇಕು. ಮುಟ್ಟಿನ ದಿನಗಳಲ್ಲೇ ತೊಳೆದ ಬೆರಳು ಹಾಕಿ ನೋಡಿ, ಮೂಗಿನ ತುದಿಯಂಥ ಗಟ್ಟಿ ಭಾಗ ತಾಗುತ್ತದೆ. ಬೆರಳಿನ ಮೊದಲ ಗೆಣ್ಣಿಗೇ ಸಿಕ್ಕರೆ ತಗ್ಗಿನಲ್ಲಿದೆ, ಗಿಡ್ಡ ಕಪ್ ಬೇಕು. ಪೂರ್ತಿ ಬೆರಳು ಹೋದರೂ ಕಷ್ಟದಿಂದ ಸಿಕ್ಕರೆ ಉದ್ದದ ಕಪ್ ಅನುಕೂಲ. ಮುಟ್ಟಿನ ದಿನಗಳಲ್ಲಿ ಈ ಎತ್ತರ ಬದಲಾಗುತ್ತದೆ, ಹಾಗಾಗಿ ಒಂದಕ್ಕಿಂತ ಹೆಚ್ಚು ದಿನ ನೋಡಿ. ಕಪ್ ಎಷ್ಟು ಗಟ್ಟಿ ಅನ್ನುವುದೂ ಮುಖ್ಯ. ಗಟ್ಟಿ ಕಪ್ ಬೇಗ ಅರಳುತ್ತದೆ ಆದರೆ ಮೂತ್ರಕೋಶದ ಮೇಲೆ ಒತ್ತಬಹುದು. ಮೆತ್ತನೆಯದು ಹಿತವಾಗಿದ್ದರೂ ಮಡಿಕೆ ಬಿಚ್ಚಿಕೊಳ್ಳಲು ತಕರಾರು ಮಾಡುತ್ತದೆ.

ಹಾಕುವ ವಿಧಾನಕ್ಕೆ ಬರೋಣ. ಹೊಸ ಕಪ್ಪನ್ನು ಸುಮಾರು ಐದು ನಿಮಿಷ, ಅಥವಾ ಜೊತೆಗೆ ಬಂದ ಚೀಟಿಯಲ್ಲಿರುವಷ್ಟು ಹೊತ್ತು, ಧಾರಾಳ ನೀರಿನಲ್ಲಿ ಕುದಿಸಿ. ಪಾತ್ರೆಯ ತಳಕ್ಕೆ ತಾಗಿ ಕೂತರೆ ಸಿಲಿಕಾನ್ ಕೆಡುತ್ತದೆ, ಹಾಗಾಗಿ ಜಾಲರಿ ಸೌಟಿನೊಳಗೆ ಇಟ್ಟು ಕುದಿಸುವುದು ಒಳ್ಳೆಯದು. ಉಗುರು ಕತ್ತರಿಸಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಮುಟ್ಟಿಲ್ಲದ ದಿನ ಒಣಗಿದ್ದಾಗ ಅಭ್ಯಾಸ ಮಾಡುವುದು ಸುಮ್ಮನೆ ನೋವು. ಸ್ರಾವ ಇರುವ, ಮನೆಯಲ್ಲಿರುವ ದಿನವೇ ಸರಿ. ಜಾರಿಕೆ ಬೇಕಿದ್ದರೆ ನೀರು ಅಥವಾ ವಾಟರ್ ಬೇಸ್ಡ್ ಲೂಬ್ರಿಕೆಂಟ್ ಸಾಕು. ಪೆಟ್ರೋಲಿಯಂ ಜೆಲ್ಲಿ, ಸಿಲಿಕಾನ್ ಲೂಬ್ರಿಕೆಂಟ್ ಬೇಡ.

ಹೆಚ್ಚಿನವರಿಗೆ ತೋರಿಸಿಕೊಡುವುದು ಸಿ ಫೋಲ್ಡ್, ಅಂದರೆ ಕಪ್ಪನ್ನು ಚಪ್ಪಟೆ ಮಾಡಿ ಅರ್ಧಕ್ಕೆ ಮಡಚುವುದು. ಅದರ ತುದಿ ಅಗಲ. ಹೊಸಬರಿಗೆ ಪಂಚ್‌ಡೌನ್ ವಾಸಿ: ಅಂಚಿನ ಒಂದು ಬದಿಯನ್ನು ತೋರುಬೆರಳಿನಿಂದ ಕಪ್‌ನ ಒಳಗೆ ಬುಡದ ಕಡೆಗೆ ತಳ್ಳಿ, ಎರಡು ಪಕ್ಕಗಳನ್ನು ಒತ್ತಿ ಹಿಡಿದರೆ ತುದಿ ಚೂಪಾಗುತ್ತದೆ. ಹೊಕ್ಕುಳದ ಕಡೆಗೆ ನೆಟ್ಟಗೆ ತಳ್ಳಬೇಡಿ, ಯೋನಿಯ ದಾರಿ ಹಿಂದಕ್ಕೆ ವಾಲಿದೆ. ಬೆನ್ನಿನ ಕೆಳತುದಿಯ ಎಲುಬಿನ ಕಡೆಗೆ ಗುರಿಯಿಟ್ಟು, ಉಸಿರು ಬಿಡುತ್ತಾ ಒಳಗೆ ಸರಿಸಿ. ಅಂಚು ಪೂರ್ತಿ ಒಳಗೆ ಹೋಗುವವರೆಗೆ ಮಡಿಕೆ ಬಿಡಬೇಡಿ. ಟ್ಯಾಂಪನ್ನಿನಷ್ಟು (ಯೋನಿಯೊಳಗೆ ಇಡುವ ಹತ್ತಿಯ ಸುರುಳಿ) ಮೇಲೆ ಏರಿಸಬೇಕಿಲ್ಲ, ಬಾಲವೂ ಒಳಗಿದ್ದು ಬುಡ ಬೆರಳಿಗೆ ಸಿಗುವಂತಿದ್ದರೆ ಸಾಕು.

ಕೈ ತೆಗೆಯುವ ಮುಂಚೆ ಬುಡದ ಸುತ್ತ ಬೆರಳಾಡಿಸಿ ನೋಡಲೇಬೇಕು. ಸುತ್ತಲೂ ದುಂಡಗೆ ಸಿಕ್ಕರೆ ಅರಳಿದೆ. ಎಲ್ಲಾದರೂ ಗುಂಡಿಬಿದ್ದಂತೆ ಇದ್ದರೆ ಇನ್ನೂ ಮಡಚಿಕೊಂಡೇ ಇದೆ. ಬುಡ ಹಿಡಿದು ಮೆಲ್ಲಗೆ ತಿರುಗಿಸಿ, ಅಥವಾ ಗುಂಡಿ ಇರುವ ಕಡೆ ಯೋನಿಯ ಗೋಡೆಯನ್ನು ಬೆರಳಿನಿಂದ ಆಚೆ ಒತ್ತಿ. ಗಾಳಿ ಹೋಗಲು ಜಾಗವಾದ ತಕ್ಷಣ ಬಿಚ್ಚಿಕೊಳ್ಳುತ್ತದೆ.

ಈಗ ನಿಮ್ಮ ಸೋರಿಕೆ. ಸೋರಿದಾಗ ಕಪ್ ತೆಗೆದು ಒಳಗೆ ಎಷ್ಟಿದೆ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಕಪ್ ಬಹುತೇಕ ಖಾಲಿ, ಪ್ಯಾಡ್ ಮಾತ್ರ ಒದ್ದೆ ಅಂದರೆ ಕಪ್ ಗರ್ಭಕೋಶದ ಬಾಯಿಯ ಪಕ್ಕಕ್ಕೆ ಹೋಗಿ ಕೂತಿದೆ. ಮುಂದಿನ ಸಲ ಬೆರಳಲ್ಲಿ ಬಾಯಿ ಎಲ್ಲಿದೆ ಅಂತ ಮೊದಲು ಗೊತ್ತುಮಾಡಿಕೊಂಡು ಆ ದಿಕ್ಕಿಗೆ ಹಾಕಿ. ಅರ್ಧ ತುಂಬಿ ಸೋರಿದ್ದರೆ ಸೀಲ್ ಸರಿಯಾಗಿಲ್ಲ, ಇಲ್ಲವೇ ಗರ್ಭಕೋಶದ ಬಾಯಿಯೇ ಕಪ್ಪಿನೊಳಗೆ ಇಳಿದು ಜಾಗ ತಿನ್ನುತ್ತಿದೆ. ಪೂರ್ತಿ ತುಂಬಿದ್ದರೆ ಖಾಲಿ ಮಾಡಲು ತಡವಾಗಿದೆ, ಅಷ್ಟೆ. ಹಾಕಿದ ಕೂಡಲೇ ಒಂದೆರಡು ಹನಿ ಬಂದು ನಿಂತರೆ ಅದು ಸೋರಿಕೆಯೇ ಅಲ್ಲ, ಗೋಡೆಗೆ ಮೊದಲೇ ಅಂಟಿದ್ದ ರಕ್ತ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ ಬಂತು. ಸೋರಿಕೆ ಪ್ಯಾಡ್, ಟ್ಯಾಂಪನ್‌ಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದೂ, ಕೈ ಕುದುರಲು ಕೆಲವು ತಿಂಗಳು ಹಿಡಿಯುತ್ತದೆ ಎಂದೂ ಅದರಲ್ಲಿದೆ. ಹಾಗಾಗಿ ಒಂದೇ ತಿಂಗಳಿಗೆ ಸೈಜ್ ತಪ್ಪು ಅಂತ ತೀರ್ಮಾನಿಸಬೇಡಿ. ಅಲ್ಲಿಯವರೆಗೆ ತೆಳುವಾದ ಪ್ಯಾಡ್ ಜೊತೆಗಿರಲಿ.

ಮೊದಲ ದಿನ ನಾಲ್ಕು ಗಂಟೆಗೊಮ್ಮೆ ತೆಗೆದು ನೋಡಿದರೆ ನಿಮ್ಮ ಸ್ರಾವದ ಅಂದಾಜು ಸಿಗುತ್ತದೆ. ಎಷ್ಟೇ ಕಡಿಮೆ ಇದ್ದರೂ ಚೀಟಿಯಲ್ಲಿ ಹೇಳಿದ 8 ಅಥವಾ 12 ಗಂಟೆಯ ಮಿತಿ ಮೀರಬೇಡಿ. ಸಾಮಾನ್ಯ ಕಪ್ 20ರಿಂದ 30 ಮಿ.ಲೀ. ಹಿಡಿಯುತ್ತದೆ. ಇಡೀ ಮುಟ್ಟಿನಲ್ಲಿ 80 ಮಿ.ಲೀ. ದಾಟಿದರೆ ವೈದ್ಯರು ಅದನ್ನು ಅತಿಸ್ರಾವ ಅನ್ನುತ್ತಾರೆ. ಒಂದೆರಡು ಗಂಟೆಗೇ ಕಪ್ ತುಂಬುತ್ತಿದ್ದರೆ ದೊಡ್ಡ ಕಪ್ ಹುಡುಕುವ ಬದಲು ಡಾಕ್ಟರನ್ನು ನೋಡಿ.

ತೊಳೆಯುವಾಗ ಮೊದಲು ತಣ್ಣೀರು, ಆಮೇಲೆ ಪರಿಮಳವಿಲ್ಲದ ಮೃದು ಸೋಪು. ಅಂಚಿನ ಕೆಳಗಿನ ಸಣ್ಣ ತೂತುಗಳನ್ನು ಮರೆಯಬೇಡಿ. ಕಪ್ ತುಂಬ ನೀರು ಹಿಡಿದು, ಬಾಯಿಗೆ ಅಂಗೈ ಒತ್ತಿ, ತಲೆಕೆಳಗು ಮಾಡಿ ಹಿಸುಕಿದರೆ ತೂತುಗಳಿಂದ ನೀರು ಚಿಮ್ಮಿ ಒಳಗಿನ ಕೊಳೆ ಹೋಗುತ್ತದೆ. ಮುಟ್ಟು ಮುಗಿದ ಮೇಲೆ ಕುದಿಸಿ, ಒಣಗಿಸಿ, ಗಾಳಿಯಾಡುವ ಬಟ್ಟೆಚೀಲದಲ್ಲಿಡಿ. ಬಣ್ಣ ಕಟ್ಟಿದರೆ ತೊಂದರೆಯಿಲ್ಲ, ಬಿರುಕು ಬಿಟ್ಟರೆ ಅಥವಾ ಅಂಟಂಟಾದರೆ ಎಸೆಯಿರಿ.

ಗರ್ಭ ತಡೆಯಲು ಗರ್ಭಕೋಶದೊಳಗೆ ಹಾಕಿಸಿಕೊಂಡ ಕಾಪರ್-ಟಿ ಇದ್ದರೆ ವೈದ್ಯರನ್ನು ಕೇಳದೆ ಕಪ್ ಬೇಡ, ಕಪ್ ತೆಗೆಯುವಾಗ ಕಾಪರ್-ಟಿಯೂ ಜಾರಿ ಬರಬಹುದು. ಹೆರಿಗೆಯಾದ ಹೊಸತರಲ್ಲಿ, ಯೋನಿಯಲ್ಲಿ ಸೋಂಕಿದ್ದಾಗ, ಗರ್ಭಕೋಶ ಜಾರಿದವರಿಗೂ ಇದೇ ಮಾತು. ಲ್ಯಾಟೆಕ್ಸ್ ಅಲರ್ಜಿ ಇದ್ದವರು ರಬ್ಬರ್ ಕಪ್ ಕೊಳ್ಳಬಾರದು. ಟಾಕ್ಸಿಕ್ ಶಾಕ್ ಸಿಂಡ್ರೋಮ್, ಅಂದರೆ ಬ್ಯಾಕ್ಟೀರಿಯಾದ ವಿಷದಿಂದ ಬರುವ ಅಪಾಯಕಾರಿ ಕಾಯಿಲೆ, ಬಹಳ ಅಪರೂಪ, ಆದರೆ ಕಪ್ ಬಳಸಿದವರಲ್ಲೂ ಕಂಡಿದೆ. ಕಪ್ ಒಳಗಿರುವಾಗ ದಿಢೀರ್ ಜೋರು ಜ್ವರ, ವಾಂತಿ, ಬೇಧಿ, ಬಿಸಿಲಿಗೆ ಸುಟ್ಟಂತೆ ಕೆಂಪು ದದ್ದು, ತಲೆಸುತ್ತು ಬಂದರೆ ತಕ್ಷಣ ಕಪ್ ತೆಗೆದು ಆಸ್ಪತ್ರೆಗೆ ಹೋಗಿ, ಕಪ್ ಬಳಸುತ್ತಿದ್ದೆ ಅಂತ ಅಲ್ಲಿ ಹೇಳಿ.

ಬಾಲ ಚುಚ್ಚುತ್ತಿದ್ದರೆ ಕತ್ತರಿಸಬಹುದು, ಆದರೆ ಕಪ್ ಹೊರಗೆ ತೆಗೆದ ಮೇಲೆ, ಒಂದೇ ಸಲಕ್ಕೆ ಪೂರ್ತಿ ಅಲ್ಲದೆ ಸ್ವಲ್ಪ ಸ್ವಲ್ಪವಾಗಿ. ಬುಡಕ್ಕೆ ಕತ್ತರಿ ತಾಗಿ ತೂತಾದರೆ ಆ ಕಪ್ ಕೆಲಸಕ್ಕೆ ಬರುವುದಿಲ್ಲ.