ದಮ್ಮಿಗೆ ಗಿಡದ ಔಷಧ ಯಾವಾಗ ಬರುತ್ತದೆ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ದಮ್ಮು. ಮಳೆಗಾಲದಲ್ಲಿ ಜಾಸ್ತಿ. ಇನ್ಹೇಲರ್ ಬರೀ ಕೆಮಿಕಲ್ಲು ಎಂದು ಮುಟ್ಟುವುದಿಲ್ಲ, ಊರಿಂದ ತರಿಸಿದ ಆಡುಸೋಗೆ ಕಷಾಯವೇ ಆಗಬೇಕು. ಗಿಡಗಳಿಂದಲೇ ಹೊಸ ಔಷಧ ಬರುತ್ತದಂತೆ, ಕಾಯಬಹುದೇ?
– ಓದುಗರು, ಮುಲುಂಡ್, ಮುಂಬಯಿ

ಉತ್ತರ: ಕಾಯಬೇಡಿ. ಎಷ್ಟೋ ಗಿಡಗಳು ಆಗಲೇ ಔಷಧದಂಗಡಿ ಸೇರಿವೆ. 1888ರಲ್ಲಿ ಚಹಾ ಎಲೆಯಲ್ಲಿ ಸಿಕ್ಕ ಥಿಯೋಫಿಲಿನ್ ಇಂದಿಗೂ ದಮ್ಮಿನ ಮಾತ್ರೆಯಾಗಿ ಸಿಗುತ್ತದೆ. ಉಮ್ಮತ್ತಿ ಎಲೆಯ ಹೊಗೆ ದಮ್ಮಿಗೆ ಹಳೇ ಮದ್ದು. ಅದರ ಅಟ್ರೋಪಿನ್ ಶ್ವಾಸನಾಳವನ್ನು ಸಡಿಲಿಸುತ್ತದೆ ನಿಜ, ಜೊತೆಗೆ ತಲೆಯನ್ನೂ ಕೆಡಿಸುತ್ತದೆ. (ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ!) ಆ ಅಣುವನ್ನು ಸ್ವಲ್ಪ ಬದಲಿಸಿ, ರಕ್ತಕ್ಕೆ ಹೆಚ್ಚು ಸೇರದಂತೆ, ಮೆದುಳಿಗೆ ಹೋಗದಂತೆ ಮಾಡಿದರು. ಅದೇ ಇಪ್ರಾಟ್ರೋಪಿಯಂ ಇನ್ಹೇಲರ್.

ನಿಮ್ಮ ಮುಲುಂಡ್‌ನಲ್ಲೇ ಇನ್ನೊಂದು ಪ್ರಯತ್ನ ನಡೆದಿತ್ತು. 1970ರ ದಶಕದಲ್ಲಿ ಹೆಕ್ಸ್ಟ್ ಎಂಬ ಜರ್ಮನ್ ಔಷಧ ಕಂಪನಿಯ ಸಂಶೋಧನಾ ಕೇಂದ್ರ ಮಕಂದಿ ಬೇರಿನಿಂದ ಫೋರ್ಸ್ಕೋಲಿನ್ ಎಂಬ ಅಂಶ ತೆಗೆಯಿತು. ಗುಜರಾತಿಗಳು ಗರ್ಮರ್ ಎಂದು ಉಪ್ಪಿನಕಾಯಿ ಹಾಕುತ್ತಾರಲ್ಲ, ಅದೇ ಬೇರು. ಇದು ಸ್ನಾಯುಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಒಯ್ಯುವ ಅಣುವನ್ನು ಹೆಚ್ಚಿಸಿ ನಾಳ ಬಿಚ್ಚಿಸುತ್ತದೆ. ದಮ್ಮಿನ ಇನ್ಹೇಲರ್‌ನಲ್ಲಿರುವ ಸಾಲ್ಬುಟಮಾಲ್ ಮಾಡುವುದೂ ಕೊನೆಗೆ ಅದನ್ನೇ. ಆದರೆ ಫೋರ್ಸ್ಕೋಲಿನ್ ನೇರವಾಗಿ ಎಬ್ಬಿಸುವ ಕಿಣ್ವ ಮೈತುಂಬ ಇದೆ. ರಕ್ತದೊತ್ತಡವೂ ಇಳಿಯುತ್ತದೆ. ನೀರಿನಲ್ಲಿ ಕರಗುವುದೂ ಕಷ್ಟ. ಕೊನೆಗೆ ಜಪಾನಿನಲ್ಲಿ ಅದರ ಬದಲಾಯಿಸಿದ ರೂಪ ಹೃದಯದ ಇಂಜೆಕ್ಷನ್ ಆಯಿತು, ದಮ್ಮಿನದಲ್ಲ.

ಲ್ಯಾಬಿನ ಮೊದಲ ಪರೀಕ್ಷೆ ಸುಲಭ. ಕಸಾಯಿಖಾನೆಯಿಂದ ತಂದ ಆಡಿನ ಶ್ವಾಸನಾಳವನ್ನು ಉಂಗುರ ಉಂಗುರವಾಗಿ ಕತ್ತರಿಸಿ, ದಾರದಿಂದ ಸೇರಿಸಿ, 37 ಡಿಗ್ರಿಯ ಲವಣದ್ರಾವಣದಲ್ಲಿ ತೂಗುಬಿಡುತ್ತಾರೆ. ಹಿಸ್ಟಮಿನ್ ಹನಿಸಿದರೆ ಬಿಗಿಯುತ್ತದೆ. ಆಮೇಲೆ ಗಿಡದ ಸಾರ ಹಾಕಿ, ಸಡಿಲವಾಗುತ್ತದಾ ಎಂದು ನೋಡುತ್ತಾರೆ. ಇಲ್ಲಿ ಪಾಸಾಗುವ ಗಿಡಗಳು ರಾಶಿ ರಾಶಿ. ಪತ್ರಿಕೆಯಲ್ಲಿ ‘ಹೊಸ ಔಷಧ’ ಎಂದು ಬರುವುದು ಬಹುತೇಕ ಈ ಹಂತದ ಸುದ್ದಿಯೇ. ಮುಂದಿನದೇ ಕಷ್ಟ: ರೋಗಿಯ ಮೈಯಲ್ಲಿ ಬೇಕಾದಷ್ಟು ಔಷಧ ನಾಳಕ್ಕೆ ತಲುಪಬೇಕು, ಉಳಿದ ಮೈಗೆ ಬಾಧಿಸಬಾರದು. ಹೆಚ್ಚಿನವು ಸೋಲುವುದು ಅಲ್ಲಿ.

ಆಡುಸೋಗೆ? ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಮಾದರಿಯಿಂದ ಹುಟ್ಟಿದ ಬ್ರೋಮ್‌ಹೆಕ್ಸಿನ್ ಕಫ ತೆಳುವಾಗಿಸುತ್ತದೆ, ಅಷ್ಟೆ. ದಮ್ಮು ಕಟ್ಟಿದಾಗ ಕಷಾಯ ನಂಬಿ ಕೂರಬಾರದು. ಅತ್ತೆಯವರನ್ನು ಇನ್ಹೇಲರ್‌ಗೆ ಒಪ್ಪಿಸಿ, ಕಷಾಯದ ವಿಷಯ ವೈದ್ಯರಿಗೆ ಹೇಳಿ. ಮನೆಯಲ್ಲಿ ಬಸುರಿಯರಿದ್ದರೆ ಅದನ್ನು ಕೊಡಲೇಬೇಡಿ. ವ್ಯಾಸಿಸಿನ್ ಗರ್ಭಕೋಶವನ್ನು ಬಿಗಿಗೊಳಿಸುತ್ತದೆ.