ಹೊರಗೆ ಬರೆದ ತೈಲಚಿತ್ರ ಮನೆಗೆ ತಂದರೆ ಕಪ್ಪು, ಮಾಡೆಲ್ ಮುಖ ಕೆಸರು ಬಣ್ಣ: ಎಲ್ಲಿ ತಪ್ಪುತ್ತಿದೆ?

ಫೋಟೋ ನೋಡಿ ಬರೆದಾಗ ಇಲ್ಲದ ಈ ಎರಡು ತೊಂದರೆ ಬಯಲಿಗೆ ಹೋದಾಗ, ಮಾಡೆಲ್ ಕೂರಿಸಿದಾಗ ಯಾಕೆ ಬರುತ್ತವೆ ಎಂದು ಕೇಳಿದ್ದೀರಿ. ಎರಡರಲ್ಲೂ ತಪ್ಪುತ್ತಿರುವುದು ಟೋನ್, ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬ ಅಂದಾಜು.

ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬಿದ್ದರೆ ಹಚ್ಚಿದ ಬಣ್ಣವೆಲ್ಲ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಗೊತ್ತಿಲ್ಲದೆಯೇ ನೀವು ಇನ್ನಷ್ಟು ಗಾಢವಾಗಿ ಕಲಸುತ್ತೀರಿ. ಅದೇ ಚಿತ್ರ ಒಳಗಿನ ಬೆಳಕಿಗೆ ಬಂದರೆ ಕಪ್ಪು. ಹಾಗಾಗಿ ಕ್ಯಾನ್ವಾಸ್, ಬಣ್ಣ ಕಲಸುವ ಹಲಗೆಯಾದ ಪ್ಯಾಲೆಟ್ ಎರಡೂ ಒಂದೇ ನೆರಳಿನಲ್ಲಿರಲಿ. ಕೊಡೆ ಬಿಳಿಯದೋ ಬೂದಿಯದೋ ಆಗಿರಲಿ. ಬಣ್ಣದ ಕೊಡೆ ತನ್ನ ಬಣ್ಣವನ್ನೇ ಚಿತ್ರದ ಮೇಲೆ ಸುರಿಯುತ್ತದೆ. ಕೆಂಪು ಅಂಗಿಯೂ ಅಷ್ಟೇ, ಒದ್ದೆ ಬಣ್ಣದಲ್ಲಿ ಅದರ ಛಾಯೆ ಹೊಳೆಯುತ್ತದೆ. ತಂಪು ಕನ್ನಡಕ ಬೇಡವೇ ಬೇಡ.

ಅಚ್ಚ ಬಿಳಿ ಕ್ಯಾನ್ವಾಸೂ ಮೋಸ ಮಾಡುತ್ತದೆ, ಆದರೆ ತಿರುಗಾಮುರುಗಾ: ಮೊದಲ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಂಡು, ಮುಂದಿನದೆಲ್ಲ ತೀರಾ ತಿಳಿಯಾಗುತ್ತದೆ. ಹಿಂದಿನ ದಿನವೇ ತೆಳು ಬೂದು ಅಥವಾ ಮಣ್ಣು ಬಣ್ಣ ಬಳಿದು ಒಣಗಿಸಿಟ್ಟುಕೊಳ್ಳಿ.

ಕ್ಯಾನ್ವಾಸಿನ ಅಳತೆ 8×10 ಇಂಚು ಸಾಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಎರಡು ಗಂಟೆಯಲ್ಲಿ ನೆರಳಿನ ಆಕಾರವೇ ಬೇರೆ. ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ಬರ್ನ್ಟ್ ಸಿಯೆನಾದಿಂದ (ಕೆಂಪು ಮಿಶ್ರಿತ ಕಂದು ಬಣ್ಣ) ಮೊದಲ ಹತ್ತು ನಿಮಿಷದಲ್ಲೇ ನೆರಳುಗಳನ್ನೆಲ್ಲ ಗುರುತು ಮಾಡಿ. ಆಮೇಲೆ ನಿಜವಾದ ನೆರಳು ಎಲ್ಲಿಗೆ ಹೋದರೂ ಅದರ ಹಿಂದೆ ಓಡಬೇಡಿ. ಮುಗಿಯದಿದ್ದರೆ ಇನ್ನೊಂದು ದಿನ ಅದೇ ಹೊತ್ತಿಗೆ ಹೋಗಿ. ಟೈಟಾನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೊ, ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ (ನೀಲಿ), ಬರ್ನ್ಟ್ ಸಿಯೆನಾ, ಈ ಐದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ. ಬಿಳಿ ಮಾತ್ರ ದೊಡ್ಡ ಟ್ಯೂಬ್ ತನ್ನಿ.

ಮಾಡೆಲ್ ವಿಷಯಕ್ಕೆ ಬಂದರೆ, ಬೆಳಕಿನ ಮೂಲ ಒಂದೇ ಇರಲಿ: ಒಂದು ಕಿಟಕಿ, ಇಲ್ಲವೇ ಒಂದು ದೀಪ. ಚಾವಣಿಯ ಲೈಟೂ ಉರಿಯುತ್ತಿದ್ದರೆ ಮುಖದಲ್ಲಿ ಎರಡೆರಡು ನೆರಳು ಬಿದ್ದು ಗೊಂದಲ. 20 ನಿಮಿಷ ಪೋಸ್, 5 ನಿಮಿಷ ವಿರಾಮ. ಪಾದ, ಕುರ್ಚಿಯ ಕಾಲು, ಕೈ ಊರಿದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸದಿದ್ದರೆ ವಿರಾಮದ ನಂತರ ಭಂಗಿ ಮತ್ತೆ ಕೂಡುವುದಿಲ್ಲ. ಕೂತ ಕೆಲ ನಿಮಿಷಕ್ಕೆ ಭುಜ ಇಳಿಯುತ್ತದೆ, ಕತ್ತು ಕುಸಿಯುತ್ತದೆ; ಅಲ್ಲಿಯವರೆಗೆ ಅಳತೆ ಗಟ್ಟಿ ಮಾಡಬೇಡಿ.

ಇನ್ನು ಕೆಸರು. ಬೆಳಕಿನ ಭಾಗಕ್ಕೂ ನೆರಳಿನ ಭಾಗಕ್ಕೂ ಒಂದೇ ಬ್ರಷ್ ಓಡಾಡಿದರೆ ಕೆಸರಾಗದೆ ಇನ್ನೇನು? ಎರಡಕ್ಕೂ ಬೇರೆ ಬೇರೆ ಬ್ರಷ್ ಇಟ್ಟುಕೊಳ್ಳಿ. ಒಂದೆರಡು ಗೀಟು ಎಳೆದು ಒರೆಸಿ, ಮತ್ತೆ ಬಣ್ಣ ತೆಗೆದುಕೊಳ್ಳಿ. ಗದ್ದದ ಕೆಳಗೆ ಪ್ರತಿಫಲಿಸಿದ ಬೆಳಕು ಕಂಡೊಡನೆ ಅಲ್ಲಿಗೆ ಬಿಳಿ ಸೇರಿಸುವ ಆಸೆ ಬಹಳ ಜನಕ್ಕೆ. ಕಣ್ಣು ಕಿರಿದು ಮಾಡಿ ನೋಡಿ, ಅದು ನೆರಳಿನೊಳಗೇ ಕರಗಿಹೋಗುತ್ತದೆ. ಕಣ್ಣಿನ ಬಿಳಿಯನ್ನೂ ಹಾಗೇ ಪರೀಕ್ಷಿಸಿ: ಮೇಲಿನ ರೆಪ್ಪೆಯ ನೆರಳು ಬಿದ್ದಲ್ಲಿ ಅದು ಬೂದು, ಎಷ್ಟೋ ಸಲ ಬೆಳಕು ಬಿದ್ದ ಕೆನ್ನೆಗಿಂತಲೂ ಗಾಢ. ಅಲ್ಲಿ ಅಚ್ಚ ಬಿಳಿ ಇಟ್ಟರೆ ಮುಖ ಗೊಂಬೆಯದಾಗುತ್ತದೆ.

ಮುಖ ಬರೆಯಲು ಶುರುವಿಗೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕೇ ಬಣ್ಣ ಹಿಡಿಯಿರಿ ಎನ್ನುತ್ತೇನೆ: ಬಿಳಿ, ಯೆಲ್ಲೊ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಎಂಬ ಕೆಂಪು (ಬದಲಿಗೆ ಕ್ಯಾಡ್ಮಿಯಂ ರೆಡ್ ನಡೆಯುತ್ತದೆ), ಐವರಿ ಬ್ಲ್ಯಾಕ್. ನೀಲಿ ಇಲ್ಲವಲ್ಲ ಎನ್ನಬೇಡಿ. ಚರ್ಮದ ಬಿಸಿ ಬಣ್ಣದ ಪಕ್ಕದಲ್ಲಿ ಕಪ್ಪು ಬಿಳಿ ಕಲಸಿದ ಬೂದು ನೀಲಿಯಂತೆಯೇ ಕಾಣುತ್ತದೆ.

ಬಯಲಿನಲ್ಲಾಗಲಿ, ಮಾಡೆಲ್ ಮುಂದಾಗಲಿ, ಮೊದಲ ಪದರಕ್ಕೆ ಟರ್ಪೆಂಟೈನ್, ಮೇಲಿನದಕ್ಕೆ ತುಸು ಲಿನ್ಸೀಡ್ ಎಣ್ಣೆ. ಉಲ್ಟಾ ಮಾಡಿದರೆ ಮೇಲಿನ ಪದರ ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಿ, ಬಿರುಕು ಬಿಡುತ್ತದೆ. ಲಿನ್ಸೀಡ್ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಬ್ಯಾಗಿಗೆ ತುರುಕಬೇಡಿ: ಒಣಗುವಾಗ ಹುಟ್ಟುವ ಶಾಖ ಒಳಗೇ ಉಳಿದು ತಾನಾಗಿ ಬೆಂಕಿ ಹತ್ತಬಹುದು. ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ.